ಚೆಂಡಿನ ಮೇಲಿನ ಇರುವೆ, ನೆರಿಗೆ ಮೇಲಿನ ಇರುವೆ

ಹೋದ ಸಂಚಿಕೆಯಲ್ಲಿ ಕುಡುಕನ ನಡಿಗೆ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ವಿಷಯ ಇಷ್ಟೇ: ಅಡ್ಡ ಉದ್ದ ಬೀದಿಗಳು ಚೌಕ ಚೌಕವಾಗಿ ಹಬ್ಬಿರುವ, ಎಲ್ಲೆಯೇ ಇಲ್ಲದ ಒಂದು ಊರು. ಪ್ರತಿ ಸರ್ಕಲ್‌ನಲ್ಲೂ ಕುಡುಕ ನಾಲ್ಕು ದಿಕ್ಕಲ್ಲಿ ಯಾವುದೋ ಒಂದನ್ನು ಕಣ್ಣುಮುಚ್ಚಿ ಆರಿಸಿಕೊಂಡು ಹೋಗುತ್ತಾನೆ. ಆದರೂ ಒಂದಲ್ಲ ಒಂದು ದಿನ ಮನೆಗೆ ಬಂದೇ ಬರುತ್ತಾನೆ ಎಂದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧ "ಅದು ಹೇಗೆ ಸಾಧ್ಯ" ಅಂತ ಜಗಳಕ್ಕೆ ನಿಂತಿವೆ. ಇನ್ನರ್ಧ "ಭೂಮಿ ಗುಂಡಗಿದೆಯಲ್ಲ, ಆಗೇನು ಕಥೆ" ಅಂತ ಕೇಳಿವೆ. ಎರಡನೇ ಪ್ರಶ್ನೆ ನನಗೆ ಜಾಸ್ತಿ ಇಷ್ಟವಾಯಿತು. ಹಾಗಾಗಿ ಈ ಸಲ ಜಗಳ ಮೊದಲು ಮುಗಿಸಿ, ಉಳಿದ ಜಾಗವನ್ನೆಲ್ಲ ಅದಕ್ಕೇ ಕೊಡುತ್ತೇನೆ.

ಪ್ರಶ್ನೆ: ಬಂದೇ ಬರುತ್ತಾನೆ ಅಂತ ಅಷ್ಟು ಗಟ್ಟಿಯಾಗಿ ಹೇಗೆ ಹೇಳುತ್ತೀರಿ? ದೂರ ಹೋಗಿ ಕಳೆದೇಹೋಗಬಹುದಲ್ಲ? (ತಿಪಟೂರಿನ ಓದುಗರು)

ನಾನು ಹೇಳಿದ್ದಲ್ಲ ಸ್ವಾಮಿ, ಜಾರ್ಜ್ ಪೋಲ್ಯಾ 1921ರಲ್ಲೇ ಲೆಕ್ಕ ಹಾಕಿ ತೋರಿಸಿದ್ದು. ಹಂಗೇರಿಯವರು, ಆಗ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಪಾಠ ಮಾಡುತ್ತಿದ್ದರು. ಅಲ್ಲೊಂದು ಕಾಡಿನ ದಾರಿಯಲ್ಲಿ ಸುಮ್ನೆ ತಿರುಗಾಡುವಾಗ ಪರಿಚಯದ ಹುಡುಗನೊಬ್ಬ, ಮದುವೆ ಗೊತ್ತಾದ ಹುಡುಗಿ ಜೊತೆ, ಮತ್ತೆ ಮತ್ತೆ ಎದುರಾದನಂತೆ. "ಈ ಮೇಷ್ಟ್ರು ಬೇಕಂತಲೇ ನಮ್ಮ ಹಿಂದೆ ಬೀಳುತ್ತಿದ್ದಾರೆ" ಅಂತ ಅವರು ಅಂದುಕೊಂಡರೇನೋ ಅಂತ ಪೋಲ್ಯಾಗೆ ಮುಜುಗರ. ಅಡ್ಡಾದಿಡ್ಡಿ ತಿರುಗುವವರು ಇಷ್ಟು ಸಲ ಸಿಕ್ಕಿಬೀಳುವುದು ಸಹಜವೇ ಅಂತ ಲೆಕ್ಕ ಮಾಡಲು ಕೂತಿದ್ದು ಹಾಗೆ.

ಲೆಕ್ಕದ ತಿರುಳು ಹೇಳುತ್ತೇನೆ. ಅಡ್ಡಾದಿಡ್ಡಿ ನಡೆಯುವವನು 100 ಹೆಜ್ಜೆಗೆ ಮನೆಯಿಂದ ಸುಮಾರು 10 ಹೆಜ್ಜೆ ದೂರ ಇರುತ್ತಾನೆ, 10,000 ಹೆಜ್ಜೆಗೆ ಸುಮಾರು 100. ಅಂದರೆ ಹೆಜ್ಜೆಗಳ ವರ್ಗಮೂಲ. ಅಷ್ಟು ದೂರದ ವೃತ್ತದೊಳಗೆ ಎಷ್ಟು ಸರ್ಕಲ್‌ಗಳಿವೆ? ದೂರದ ವರ್ಗದಷ್ಟು, ಅಂದರೆ ಹೆಚ್ಚುಕಮ್ಮಿ ಹೆಜ್ಜೆಗಳಷ್ಟೇ. ಅದರಲ್ಲಿ ಮನೆ ಒಂದು. ಹಾಗಾಗಿ ಸಾವಿರನೇ ಹೆಜ್ಜೆಗೆ ಮನೇಲಿರುವ ಚಾನ್ಸ್ ಸಾವಿರದಲ್ಲಿ ಒಂದರ ಆಸುಪಾಸು. ಈಗ ಇವನ್ನೆಲ್ಲ ಕೂಡಿಸಿ: 1 + 1/2 + 1/3 + 1/4... ಶಾಲೆಯಲ್ಲಿ ನೋಡಿರುತ್ತೀರಿ, ಈ ಮೊತ್ತ ನಿಲ್ಲುವುದೇ ಇಲ್ಲ. ಆದರೆ ಅದರ ವೇಗವೋ ಎತ್ತಿನಗಾಡಿಯದು. 10 ದಾಟೋಕೆ 12,367 ಪದ ಕೂಡಿಸಬೇಕು! ಮೊತ್ತಕ್ಕೆ ಮಿತಿ ಇಲ್ಲ ಅಂದರೆ ಮನೆಗೆ ಬರುವ ಸಲಗಳಿಗೂ ಮಿತಿ ಇಲ್ಲ. ಅದು ಆಮೆಯಂತೆ ಏರುತ್ತದೆ ಅಂದರೆ ಹೆಂಡತಿ ಬಹಳ ಕಾಯಬೇಕು. ಹತ್ತು ಲಕ್ಷ ಹೆಜ್ಜೆ ನಡೆದ ಮೇಲೂ ಐದಾರು ಕುಡುಕರಲ್ಲಿ ಒಬ್ಬ ಇನ್ನೂ ಒಂದು ಸಲವೂ ಮನೆ ಮುಟ್ಟಿರುವುದಿಲ್ಲ. ಸರಾಸರಿ ಎಷ್ಟು ಕಾಯಬೇಕು ಅಂತ ಕೇಳಿದರೆ ಉತ್ತರ ಅನಂತ. ಬರುವುದಂತೂ ಖಾತ್ರಿ, ಯಾವಾಗ ಅಂತ ಮಾತ್ರ ಕೇಳಬೇಡಿ.

ಕುಡುಕನ ಬದಲು ಸೊಳ್ಳೆ ಇಟ್ಟುಕೊಳ್ಳಿ, ಮೇಲೆ ಕೆಳಗೂ ಹಾರುತ್ತೆ. ಈಗ ಅದೇ ದೂರದೊಳಗೆ ಜಾಗ ತುಂಬಾ ಜಾಸ್ತಿ, ದೂರದ ಘನದಷ್ಟು. ಮೊತ್ತ ಒಂದು ಕಡೆ ನಿಂತುಬಿಡುತ್ತದೆ. ಆರು ದಿಕ್ಕಿನ ಜಾಲದಲ್ಲಿ ಹೊರಟಲ್ಲಿಗೆ ವಾಪಸ್ ಬರುವ ಚಾನ್ಸ್ ಬರೀ 34 ಪರ್ಸೆಂಟ್. ನಡಿಗೆ ಅದೇ, ಅಡ್ಡಾದಿಡ್ಡಿತನ ಅದೇ. ಬದಲಾಗಿದ್ದು ಸುತ್ತಲಿನ ಜಾಗ ಮಾತ್ರ. ಇದೊಂದು ಮಾತು ನೆನಪಿಟ್ಟುಕೊಳ್ಳಿ, ಮುಂದಕ್ಕೆಲ್ಲ ಇದೇ ಬೇಕು.

ಪ್ರಶ್ನೆ: ಚೌಕದ ಬೀದಿಗಳಾದರೆ ನಾಲ್ಕು ದಿಕ್ಕು ಅನ್ನಬಹುದು. ಚೆಂಡಿನ ಮೇಲೆ ಬೀದಿಗಳೇ ಇಲ್ಲ, ಅಲ್ಲಿ ಅಡ್ಡಾದಿಡ್ಡಿ ನಡಿಗೆ ಅಂದರೆ ಏನು ಅರ್ಥ? (ಪಿಯುಸಿ ವಿದ್ಯಾರ್ಥಿನಿ, ಶಿರಸಿ)

ಒಳ್ಳೆ ಪ್ರಶ್ನೆ. ಇದನ್ನು ಬಹಳ ಜನ ಕೇಳುವುದೇ ಇಲ್ಲ, ಗೊತ್ತಿದ್ದವರ ಹಾಗೆ ತಲೆಯಾಡಿಸಿ ಮುಂದೆ ಹೋಗುತ್ತಾರೆ.

ಮೊದಲು ಬೀದಿಗಳನ್ನು ತೆಗೆದುಹಾಕೋಣ. ಹೆಜ್ಜೆ ಚಿಕ್ಕದು ಮಾಡುತ್ತಾ, ಬೇಗ ಬೇಗ ಇಡುತ್ತಾ ಹೋದರೆ ಕೊನೆಗೆ ಸಿಗುವುದು ಬ್ರೌನಿಯನ್ ಚಲನೆ. 1827ರಲ್ಲಿ ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದು ಇದನ್ನೇ. ಹೂವಿನ ಪರಾಗದೊಳಗಿನ ಪುಟ್ಟ ಕಣಗಳು ನೀರಲ್ಲಿ ಒಂದೇ ಸಮನೆ ಕುಣಿಯುತ್ತಿದ್ದವು. ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುವುದರಿಂದ ಹೀಗೆ ಅಂತ 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಕೊಟ್ಟರು. 1923ರಲ್ಲಿ ನಾರ್ಬರ್ಟ್ ವೀನರ್ ಅದಕ್ಕೆ ಗಟ್ಟಿಯಾದ ಗಣಿತದ ಬುನಾದಿ ಹಾಕಿದರು.

ಈಗ ಚೆಂಡಿಗೆ ಬರೋಣ. ಒಂದು ದೊಡ್ಡ ಹಾಳೆಯ ಮೇಲೆ ಅಂಥ ಅಡ್ಡಾದಿಡ್ಡಿ ಗೆರೆಯನ್ನು ಹಸಿ ಮಸಿಯಲ್ಲಿ ಬರೆಯಿರಿ. ಅದರ ಮೇಲೆ ಒಂದು ಚೆಂಡಿಟ್ಟು, ಜಾರದಂತೆ, ನಿಂತಲ್ಲೇ ಬುಗುರಿಯಂತೆ ತಿರುಗದಂತೆ, ಗೆರೆಯ ಗುಂಟ ಉರುಳಿಸುತ್ತಾ ಹೋಗಿ. ಚೆಂಡಿಗೆ ಅಂಟಿದ ಮಸಿ ಇದೆಯಲ್ಲ, ಅದೇ ಚೆಂಡಿನ ಮೇಲಿನ ಬ್ರೌನಿಯನ್ ಚಲನೆ. ಮುಗೀತು. ಹಾಳೆ ಮೇಲೆ ನೇರ ಗೆರೆ ಬರೆದಿದ್ದರೆ ಚೆಂಡಿನ ಮೇಲೆ ಸಮಭಾಜಕದಂಥ ದೊಡ್ಡ ವೃತ್ತ ಮೂಡುತ್ತಿತ್ತು, ಅಂಕುಡೊಂಕಾಗಿ ಬರೆದರೆ ಅಂಕುಡೊಂಕು. ಚೆಂಡಷ್ಟೇ ಅಲ್ಲ, ಎಷ್ಟೇ ಆಯಾಮದ, ಹೇಗೇ ಬಾಗಿದ ಜಾಗವನ್ನೂ ಹೀಗೇ ಉರುಳಿಸಬಹುದು. ಈಲ್ಸ್, ಎಲ್ವರ್ದಿ, ಮಾಲ್ಯಾವಾಂ ಎಂಬ ಮೂವರ ಹೆಸರಲ್ಲಿ ಈ ಉಪಾಯ ಓಡಾಡುತ್ತಿದೆ. ಗಣಿತದಲ್ಲಿ ಇಷ್ಟು ಕೈಗೆ ಸಿಗುವಂಥ ಉಪಾಯಗಳು ಕಡಿಮೆ. ಮನೇಲಿ ಮಾಡಿ ನೋಡಿ, ಆದರೆ ಅಮ್ಮನ ಟೇಬಲ್‌ಕ್ಲಾತ್ ಮೇಲೆ ಬೇಡ.

ಇನ್ನೊಂದು ತಮಾಷೆ ಇದರಲ್ಲೇ ಇದೆ. ಹಾಳೆ ಮೇಲೆ ಚೆಂಡನ್ನು ಒಂದು ಸುತ್ತು ಉರುಳಿಸಿ ಹೊರಟ ಜಾಗಕ್ಕೇ ತನ್ನಿ. ಜಾಗ ಅದೇ, ಆದರೆ ಚೆಂಡು ಸಾಮಾನ್ಯವಾಗಿ ಮೊದಲಿದ್ದ ಹಾಗೆ ಕೂತಿರುವುದಿಲ್ಲ, ಬೇರೆ ಮೈ ಮೇಲಾಗಿರುತ್ತದೆ. ಹಾಳೆ ಮೇಲೆ ಮನೆಗೆ ಬಂದವನು ಚೆಂಡಿನ ಮೇಲೆ ಮನೆಗೆ ಬಂದಿರುವುದಿಲ್ಲ. ಬಾಗಿದ ಜಾಗ ಅಂದರೆ ಇದೇ ನೋಡಿ.

ಪ್ರಶ್ನೆ: ಹಾಗಾದರೆ ಭೂಮಿ ಮೇಲೆ ಕೋಟಿ ವರ್ಷ ಅಡ್ಡಾದಿಡ್ಡಿ ನಡೆದವನು ಕೊನೆಗೆ ಎಲ್ಲಿರುತ್ತಾನೆ? (ರಾಯಚೂರಿನ ಓದುಗರು)

ಎಲ್ಲ ಕಡೆ. ಸಮುದ್ರದ ಮೇಲೂ ನಡೆಯಬಲ್ಲವನು ಅಂತ ಇಟ್ಟುಕೊಂಡರೆ, ಯಾವ ಜಾಗದಲ್ಲಿ ಎಷ್ಟು ಹೊತ್ತು ಕಳೆಯುತ್ತಾನೆ ಅನ್ನುವುದು ಆ ಜಾಗದ ವಿಸ್ತೀರ್ಣಕ್ಕೆ ತಕ್ಕ ಹಾಗೆ, ಅಷ್ಟೇ. ಭೂಮಿಯ ಮೈ ಸುಮಾರು 51 ಕೋಟಿ ಚದರ ಕಿಲೋಮೀಟರ್, ಕರ್ನಾಟಕ 1,91,791. ಅಂದರೆ ಸರಾಸರಿ ಲಕ್ಷ ದಿನಕ್ಕೆ 37-38 ದಿನ ನಮ್ಮ ರಾಜ್ಯದಲ್ಲಿರುತ್ತಾನೆ. 71 ಸಾವಿರ ದಿನ ನೀರಲ್ಲೇ. ನೀವು ಅವನನ್ನು ರಾಯಚೂರಿಂದ ಬಿಟ್ಟಿರೋ ಚಿಲಿ ದೇಶದಿಂದ ಬಿಟ್ಟಿರೋ ಅನ್ನುವುದರಿಂದ ಕೊನೆಗೆ ಏನೂ ವ್ಯತ್ಯಾಸವಾಗುವುದಿಲ್ಲ.

ಮರೆಯುವುದು ಎಷ್ಟು ಬೇಗ ಅನ್ನುವುದೇ ಇಲ್ಲಿನ ಸ್ವಾರಸ್ಯ. ಚೆಂಡಿನ ಮೇಲೆ ಇರುವೆ ಬಿಟ್ಟಿದ್ದೀರಿ. ಹೊರಟ ಜಾಗದ ಗುರುತು ಒಂದು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ ಎನ್ನಿ. ಎರಡನೇ ಗಂಟೆಗೆ ಉಳಿದ ಅರ್ಧದಲ್ಲಿ ಅರ್ಧ, ಹೀಗೇ. ಹತ್ತು ಗಂಟೆಗೆ 1,024ರಲ್ಲಿ ಒಂದು ಪಾಲು ಉಳಿದಿರುತ್ತದೆ. ಅಂದರೆ ಹತ್ತು ಗಂಟೆ ಬಿಟ್ಟು ಬಂದು ಇರುವೆ ಎಲ್ಲಿದೆ ಅಂತ ನೋಡಿದರೆ ಎಲ್ಲಿಂದ ಹೊರಟಿತ್ತು ಅಂತ ಬ್ರಹ್ಮನೂ ಹೇಳಲಾರ. ಚೆಂಡಿನ ಅಡ್ಡಗಲ ಎರಡು ಪಟ್ಟಾದರೆ ಮರೆವಿಗೆ ನಾಲ್ಕು ಪಟ್ಟು ಹೊತ್ತು ಬೇಕು.

ಇದು ಬರೀ ಆಟವಲ್ಲ. ಲೋಟದ ನೀರಲ್ಲಿ ಪ್ರತಿ ಅಣುವಿಗೂ ಒಂದು ಪ್ಲಸ್ ಕಡೆ, ಒಂದು ಮೈನಸ್ ಕಡೆ ಇದೆ, ಹಾಗಾಗಿ ಅದು ಒಂದು ದಿಕ್ಕಿಗೆ ಮುಖ ಮಾಡಿರುತ್ತದೆ. ದಿಕ್ಕು ಅಂದರೆ ಚೆಂಡಿನ ಮೇಲಿನ ಒಂದು ಚುಕ್ಕೆ ಅಲ್ವಾ? ಅಕ್ಕಪಕ್ಕದ ಅಣುಗಳ ಗುದ್ದಾಟಕ್ಕೆ ಆ ಚುಕ್ಕೆ ಚೆಂಡಿನ ಮೇಲೆ ಅಡ್ಡಾದಿಡ್ಡಿ ಅಲೆಯುತ್ತದೆ. ಹೊರಗಿನಿಂದ ವಿದ್ಯುತ್ ಹಾಕಿ ಎಲ್ಲವನ್ನೂ ಒಂದೇ ಕಡೆ ತಿರುಗಿಸಿ ಬಿಟ್ಟರೆ, ಎಷ್ಟು ಹೊತ್ತಿಗೆ ಅವು ಆ ದಿಕ್ಕನ್ನು ಮರೆಯುತ್ತವೆ ಅಂತ ಲೆಕ್ಕ ಹಾಕಿದವರು ಪೀಟರ್ ಡಿಬೈ, ಕಳೆದ ಶತಮಾನದ ಆರಂಭದಲ್ಲಿ. ಕೋಣೆಯ ಬಿಸಿಯಲ್ಲಿ ನೀರಿಗೆ ಬೇಕಾಗುವುದು ಸುಮಾರು 8 ಪಿಕೋಸೆಕೆಂಡ್, ಅಂದರೆ ಒಂದು ಸೆಕೆಂಡಿನ ಲಕ್ಷ ಕೋಟಿ ಭಾಗದಲ್ಲಿ ಎಂಟು. ನಮ್ಮ ಇರುವೆಗಿಂತ ಚುರುಕು.

ಪ್ರಶ್ನೆ: ಚೆಂಡಿಗೆ ಉಲ್ಟಾ ಬಾಗಿದ ಜಾಗವೂ ಇದೆಯಂತೆ, ಹೈಪರ್ಬೋಲಿಕ್ ಅಂತ. ಎಷ್ಟು ಓದಿದರೂ ಕಣ್ಣಿಗೆ ಕಟ್ಟುತ್ತಿಲ್ಲ. ಅಲ್ಲಿ ಏನಾಗುತ್ತದೆ? (ನಿವೃತ್ತ ಶಿಕ್ಷಕರು, ಮೈಸೂರು)

ಮೇಷ್ಟ್ರೇ, ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ಈ ತಿಂಗಳು ಕೂತಿದ್ದೇನೆ.

ನಮ್ಮ ಅತ್ತಿಗೆ ಒಂದು ಕಾಲದಲ್ಲಿ ಟೀವಿ ಮೇಲೆ ಹಾಕಲು ಕ್ರೋಶದಲ್ಲಿ ಗುಂಡನೆಯ ಬಟ್ಟೆ ಹೆಣೆಯುತ್ತಿದ್ದರು. ನಡುವಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಹೊರಗೆ ಹೋಗುವುದು. ಪ್ರತಿ ಸುತ್ತಿಗೂ ಒಂದು ಲೆಕ್ಕದಲ್ಲಿ ಹೊಲಿಗೆ ಹೆಚ್ಚಿಸಬೇಕು. ಕಮ್ಮಿ ಹೆಚ್ಚಿಸಿದರೆ ಟೊಪ್ಪಿಯಾಗಿ ಬಗ್ಗುತ್ತದೆ. ಸರಿಯಾಗಿ ಹೆಚ್ಚಿಸಿದರೆ ಚಪ್ಪಟೆ ಕೂರುತ್ತದೆ. ಒಂದು ಸಲ ಮಾತಾಡುತ್ತಾ ಲೆಕ್ಕ ತಪ್ಪಿ ಜಾಸ್ತಿ ಜಾಸ್ತಿ ಹೆಚ್ಚಿಸುತ್ತಲೇ ಹೋದರು. ಅಂಚೆಲ್ಲ ಕೋಳಿಜುಟ್ಟು ಹೂವಿನ ಹಾಗೆ ನೆರಿಗೆ ನೆರಿಗೆಯಾಗಿ ಎದ್ದು ನಿಂತಿತು. ಎಷ್ಟು ಒತ್ತಿದರೂ ಟೀವಿ ಮೇಲೆ ಮಲಗಲೊಲ್ಲದು. ಅದೇ ಹೈಪರ್ಬೋಲಿಕ್. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೈನಾ ತೈಮಿನಾ ಎಂಬ ಗಣಿತದ ಅಧ್ಯಾಪಕಿ 1997ರಲ್ಲಿ ಪಾಠಕ್ಕೆ ಬೇಕೆಂದು ಇದನ್ನೇ ಕ್ರೋಶದಲ್ಲಿ ಹೆಣೆದರು. ಅತ್ತಿಗೆ ತಪ್ಪಿ ಮಾಡಿದ್ದನ್ನು ಅವರು ಬೇಕಂತ ಮಾಡಿದರು.

ಆ ನೆರಿಗೆಯಲ್ಲಿ ಇರುವುದು ಜಾಗ. ಹೊರಗೆ ಹೋದಷ್ಟೂ ವಿಪರೀತ ಜಾಗ. ಚಪ್ಪಟೆ ಬಯಲಲ್ಲಿ 10 ಅಳತೆ ದೂರದ ವೃತ್ತದ ಸುತ್ತಳತೆ 62.8. ಹೈಪರ್ಬೋಲಿಕ್ ಜಾಗದಲ್ಲಿ, ಬಾಗು (ಜಾಗ ಎಷ್ಟು ಬಗ್ಗಿದೆ ಅನ್ನುವ ಅಳತೆ; ಚೆಂಡಿನದು ಪ್ಲಸ್, ನೆರಿಗೆಯದು ಮೈನಸ್) ಮೈನಸ್ ಒಂದು ಇರುವಾಗ, ಅದೇ ವೃತ್ತದ ಸುತ್ತಳತೆ 69,000ಕ್ಕೂ ಜಾಸ್ತಿ. ಸಾವಿರ ಪಟ್ಟಿಗೂ ಮೀರಿ. ಈಗ ಅಲ್ಲಿ ಇರುವೆ ಬಿಡಿ.

ನೇರವಾಗಿ ಲೆಕ್ಕ ಕಷ್ಟ, ಅದರ ಬಡ ತಮ್ಮನೊಬ್ಬನನ್ನು ಹಿಡಿಯೋಣ. ಒಂದು ರಸ್ತೆ ಜಾಲ ಯೋಚಿಸಿ. ಪ್ರತಿ ಕೂಡಿನಲ್ಲೂ ಮೂರು ದಾರಿ ಸೇರುತ್ತವೆ, ಎಲ್ಲೂ ಸುತ್ತಿ ಬಂದು ಕೂಡಿಕೊಳ್ಳುವುದಿಲ್ಲ, ಮರದ ಕೊಂಬೆಗಳ ಹಾಗೆ ಕವಲೊಡೆಯುತ್ತಲೇ ಹೋಗುತ್ತವೆ. ನೀವು ಎಲ್ಲೇ ನಿಂತಿದ್ದರೂ ಮನೆ ಕಡೆಗೆ ಒಂದೇ ದಾರಿ, ಮನೆಯಿಂದ ದೂರಕ್ಕೆ ಎರಡು. ಮೂರರಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸುತ್ತೀರಿ. ಎಂದಾದರೂ ಒಂದು ಕೂಡು ಹಿಂದಕ್ಕೆ ಬರುವ ಚಾನ್ಸ್ ಎಷ್ಟು? ಅದಕ್ಕೆ "ಅ" ಅಂತ ಹೆಸರಿಡಿ. ಮೊದಲ ಹೆಜ್ಜೆಯೇ ಹಿಂದಕ್ಕೆ ಬಿದ್ದರೆ ಕೆಲಸ ಆಯಿತು, ಅದು 1/3. ಮುಂದಕ್ಕೆ ಬಿದ್ದರೆ, ಅದು 2/3, ಈಗ ಎರಡು ಕೂಡು ಹಿಂದಕ್ಕೆ ಬರಬೇಕು, ಅಂದರೆ ಅ × ಅ. ಒಟ್ಟು:

ಅ = 1/3 + 2/3 × ಅ × ಅ

ಬಿಡಿಸಿದರೆ ಅ ಒಂದು ಇರಬೇಕು ಇಲ್ಲ ಅರ್ಧ ಇರಬೇಕು. ಹೊರಗಿನ ಎಳೆತ ಎರಡಕ್ಕೊಂದು ಇರುವುದರಿಂದ ನಿಜವಾದ ಉತ್ತರ ಅರ್ಧ. (ಅರ್ಧ ಹಾಕಿ ನೋಡಿ: 1/3 + 1/6, ಸರಿಹೋಯಿತಲ್ಲ.) ಅಂದರೆ ಮನೆಯಿಂದ ಹೊರಟವನು ಯಾವತ್ತಾದರೂ ಮನೆಗೆ ಬರುವ ಚಾನ್ಸ್ ನಾಣ್ಯ ಚಿಮ್ಮಿದಷ್ಟೇ. ಮೂರು ಹೆಜ್ಜೆಗೆ ಸರಾಸರಿ ಒಂದು ಹೆಜ್ಜೆ ಹೊರಗೆ ಜರುಗುತ್ತಾನೆ. 3,000 ಹೆಜ್ಜೆಗೆ ಸುಮಾರು 1,000 ದೂರ. ಚೌಕದ ಬೀದಿಯ ಕುಡುಕ ಅಷ್ಟೇ ಹೆಜ್ಜೆಗೆ 55ರ ಆಸುಪಾಸಿನಲ್ಲಿ ಒದ್ದಾಡುತ್ತಿರುತ್ತಾನೆ!

ಗಮನಿಸಿ, ಇವನನ್ನು ಯಾರೂ ಹೊರಕ್ಕೆ ತಳ್ಳುತ್ತಿಲ್ಲ. ಇವನಿಗೆ ಹೋಗುವ ಆಸೆಯೂ ಇಲ್ಲ. ಮೂರು ದಾರಿಯೂ ಅವನಿಗೆ ಒಂದೇ. ದೂರದ ಕಡೆ ದಾರಿಗಳೇ ಜಾಸ್ತಿ, ಅದಕ್ಕೇ ಹೋಗಿಬಿಡುತ್ತಾನೆ. ನೆರಿಗೆ ಜಾಗದ ಇರುವೆಗೂ ಇದೇ ಗತಿ. ಬಯಲಿನ ಇರುವೆಯ ದೂರ ಸಮಯದ ವರ್ಗಮೂಲದಂತೆ ಬೆಳೆದರೆ, ಇದರದ್ದು ಬಸ್ಸಿನ ಹಾಗೆ ಸಮಯಕ್ಕೆ ಸರಿಯಾಗಿ ಬೆಳೆಯುತ್ತದೆ. ಸಮಯ 10,000 ಆದಾಗ ಬಯಲಿನದು ನೂರು ಚಿಲ್ಲರೆ ದೂರದಲ್ಲಿದ್ದರೆ ಇದು ಸುಮಾರು 5,000 ದೂರದಲ್ಲಿರುತ್ತದೆ.

ಇನ್ನೂ ವಿಚಿತ್ರ ಮುಂದಿದೆ. ಕವಲಿನ ದಾರಿಯವನು ಒಂದು ದೊಡ್ಡ ಕೊಂಬೆಯೊಳಗೆ ದೂರ ಹೋದಮೇಲೆ ಆ ಕೊಂಬೆ ಬಿಟ್ಟು ಇನ್ನೊಂದಕ್ಕೆ ಹೋಗಬೇಕೆಂದರೆ ಬುಡದ ತನಕ ವಾಪಸ್ ಬರಬೇಕು, ಅದು ಆಗದ ಮಾತು. ಹಾಗಾಗಿ ಕೊಂಬೆ ನಿಗದಿಯಾಗುತ್ತದೆ, ಆಮೇಲೆ ಉಪಕೊಂಬೆ, ಆಮೇಲೆ ಅದರೊಳಗಿನದು. ನೆರಿಗೆಯ ಇರುವೆಗೂ ಹಾಗೇ: ಹೊರಟ ಜಾಗದಿಂದ ನೋಡಿದರೆ ಅದು ಹೋಗುತ್ತಿರುವ ದಿಕ್ಕು ಮೊದಮೊದಲು ಅಲ್ಲಾಡುತ್ತದೆ, ಬರುಬರುತ್ತಾ ಒಂದು ಕಡೆ ನಿಲ್ಲುತ್ತದೆ. ಬಯಲಲ್ಲಿ ಹೀಗಾಗುವುದಿಲ್ಲ, ಅಲ್ಲಿ ದಿಕ್ಕು ಯಾವತ್ತೂ ಸ್ಥಿರವಾಗದು. ಚೆಂಡಿನ ಮೇಲಂತೂ ಎಲ್ಲ ಮರೆತೇಹೋಗುತ್ತದೆ. ಮೂರರಲ್ಲಿ ಮನೆಗೆ ಬರದೇ ಇರಬಹುದಾದದ್ದು ಇದೊಂದೇ, ಶುರುವಿನ ನಾಲ್ಕು ಹೆಜ್ಜೆಯ ನೆನಪನ್ನು ಕೊನೆತನಕ ಹೊತ್ತು ನಡೆಯುವುದೂ ಇದೊಂದೇ. ನನಗೆ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಈ ಜಾಗ.

ಬಾಗು ಎಲ್ಲ ಕಡೆ ಒಂದೇ ಸಮ ಇರಲೇಬೇಕೆಂದೂ ಇಲ್ಲ. ಜಾಗಕ್ಕೆ ತೂತುಗಳಿರಬಾರದು, ಬಾಗು ಎರಡು ಮೈನಸ್ ಸಂಖ್ಯೆಗಳ ನಡುವೆ ಇರಬೇಕು, ಅಷ್ಟು ಸಾಕು, ದಿಕ್ಕು ನಿಂತೇ ನಿಲ್ಲುತ್ತದೆ. 1983ರಲ್ಲಿ ಮೈಕಲ್ ಆಂಡರ್ಸನ್ ಮತ್ತು ಡೆನಿಸ್ ಸಲ್ಲಿವನ್ ಬೇರೆ ಬೇರೆ ದಾರಿಯಿಂದ ಇದನ್ನು ತೋರಿಸಿದರು. ಸಲ್ಲಿವನ್‌ಗೆ 2022ರಲ್ಲಿ ಗಣಿತದ ದೊಡ್ಡ ಪ್ರಶಸ್ತಿಯಾದ ಆಬೆಲ್ ಪ್ರಶಸ್ತಿ ಬಂತು, ಬೇರೆ ದೊಡ್ಡ ಕೆಲಸಗಳಿಗೆ.

ಪ್ರಶ್ನೆ: ಚೆಂಡೂ ಅಲ್ಲ, ನೆರಿಗೆಯೂ ಅಲ್ಲ, ಅಲ್ಲಿ ಗುಡ್ಡ ಇಲ್ಲಿ ಹಳ್ಳ ಅಂತಿರುವ ಮೈಗೆ ಏನು ಹೇಳುತ್ತೀರಿ? (ಹಾಸನದ ಎಂಜಿನಿಯರ್)

ಟೇಪು ಹಿಡಿಯಿರಿ. ಒಂದು ಕಡೆ ನಿಂತು, ಸುತ್ತಲೂ ಇಷ್ಟು ದೂರದೊಳಗೆ ಒಟ್ಟು ವಿಸ್ತೀರ್ಣ ಎಷ್ಟು ಅಂತ ಅಳೆಯುತ್ತಾ ಹೋಗಿ. ಅದು ದೂರದ ವರ್ಗಕ್ಕಿಂತ ಬೇಗ ಬೆಳೆಯದಿದ್ದರೆ, ಮೈ ಹೇಗೇ ಇರಲಿ, ಎಷ್ಟೇ ಆಯಾಮದ್ದಾಗಲಿ, ನಡೆಯುವವನು ಮನೆ ಹತ್ತಿರಕ್ಕೆ ಮತ್ತೆ ಮತ್ತೆ ಬರುತ್ತಾನೆ. ಎಸ್. ವೈ. ಚೆಂಗ್ ಮತ್ತು ಎಸ್. ಟಿ. ಯೌ 1975ರಲ್ಲಿ ಕೊಟ್ಟ ಫಲಿತಾಂಶದಿಂದ ಇದು ಸಿಗುತ್ತದೆ. ಉದ್ದಕ್ಕೂ ಹೋಗುವ ಕೊಳವೆಯ ಮೇಲೆ ವಾಪಸ್ ಬರುತ್ತಾನೆ. ವಡೆಯ ಆಕಾರದ ಮೈ ಮೇಲೆ ಚೆಂಡಿನ ಹಾಗೆಯೇ ಎಲ್ಲ ಕಡೆ ಹರಡಿಕೊಳ್ಳುತ್ತಾನೆ.

ಇನ್ನೊಂದು ತುದಿಯ ಮಾತೂ ಹೇಳಿಬಿಡುತ್ತೇನೆ. ಮೈನಸ್ ಬಾಗು ಹೊರಗೆ ಹೋದಂತೆ ಇನ್ನೂ ಇನ್ನೂ ಜಾಸ್ತಿಯಾಗುತ್ತಾ, ದೂರದ ವರ್ಗಕ್ಕಿಂತ ಬೇಗ ಏರಿದರೆ, ಇರುವೆ ಎಣಿಸಿದಷ್ಟೇ ಸಮಯದಲ್ಲಿ ಅನಂತಕ್ಕೆ ಹೋಗಿಬಿಡಬಹುದು. ಸಂಜೆ ನಾಲ್ಕಕ್ಕೆ ಇತ್ತು, ಐದಕ್ಕೆ ಜಾಗದಲ್ಲೇ ಇಲ್ಲ! ಇದನ್ನು 1974ರಲ್ಲಿ ರಾಬರ್ಟ್ ಅಜಾಂಕೋ ತೋರಿಸಿದಾಗ ಹಲವರಿಗೆ ಆಶ್ಚರ್ಯವಾಗಿರಬೇಕು. ನನಗಂತೂ ಈಗಲೂ ಆಗುತ್ತದೆ.

ಪ್ರಶ್ನೆ: ಮಗಳಿಗೆ ಇಂಥದ್ದರಲ್ಲಿ ಆಸಕ್ತಿ. ಕರ್ನಾಟಕದಲ್ಲೇ ಓದಬಹುದೇ? (ದಾವಣಗೆರೆಯ ತಾಯಿ)

ಧಾರಾಳವಾಗಿ. ಬೆಂಗಳೂರಿನ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಿಯುಸಿ ಆದಮೇಲೆ ಸೇರುವ ಬಿ.ಮ್ಯಾಥ್ ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಗಣಿತ ವಿಭಾಗವೂ ಇದೆ. ಮುಂದೆ ಪಿಎಚ್‌ಡಿಗೆ ಟಿಐಎಫ್‌ಆರ್‌ನ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಬೆಂಗಳೂರು ಕೇಂದ್ರ ಇದೆ. ಈ ವಿಷಯದಲ್ಲಿ ಭಾರತ ಹಿಂದೆ ಬಿದ್ದ ದೇಶ ಅಲ್ಲ ಅಂತ ಮಗಳಿಗೆ ಹೇಳಿ. ಚೆನ್ನೈನಲ್ಲಿ ಹುಟ್ಟಿ, ಕೊಲ್ಕತ್ತದ ಇದೇ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದ ಎಸ್. ಆರ್. ಎಸ್. ವರದನ್ 2007ರಲ್ಲಿ ಆಬೆಲ್ ಪಡೆದರು. ಬಾಗಿದ ಜಾಗದಲ್ಲಿ ಕ್ಷಣಮಾತ್ರ ಅಲೆದ ಕಣದ ಲೆಕ್ಕದಲ್ಲಿ ಎರಡು ಚುಕ್ಕೆಗಳ ನಡುವಿನ ದೂರ ಅಡಗಿರುತ್ತದೆ ಅಂತ 1967ರಲ್ಲಿ ತೋರಿಸಿದವರು ಅವರೇ.

ಪ್ರಶ್ನೆ: ಎಲ್ಲದಕ್ಕೂ ಇರುವೆ ಇರುವೆ ಅಂತೀರಲ್ಲ, ನಿಜವಾದ ಇರುವೆ ಹೀಗೆ ನಡೆಯುತ್ತದೆಯೇ? (ಆರನೇ ತರಗತಿ ಹುಡುಗ, ಕುಂದಾಪುರ)

ಇಲ್ಲ ಪುಟ್ಟಾ, ಸಿಕ್ಕಿಬಿದ್ದೆ. ನಮ್ಮ ಅಡುಗೆಮನೆ ಇರುವೆ ವಾಸನೆ ಹಿಡಿದು ಸಾಲಲ್ಲಿ ಹೋಗುತ್ತದೆ. ಟ್ಯುನೀಶಿಯಾದ ಉಪ್ಪಿನ ಬಯಲಲ್ಲಿರುವ ಒಂದು ಜಾತಿ ಇನ್ನೂ ಜಾಣ. ಆಹಾರ ಹುಡುಕುವಾಗ ಎಷ್ಟೇ ಸುತ್ತಾಡಿದರೂ, ಸಿಕ್ಕಿದ ತಕ್ಷಣ ನೆಟ್ಟಗೆ ಗೂಡಿನ ಕಡೆ ಹೊರಡುತ್ತದೆ. ದಿಕ್ಕನ್ನು ಆಕಾಶದ ಬೆಳಕಿನಿಂದ ತಿಳಿಯುತ್ತದೆ, ದೂರವನ್ನು? 2006ರಲ್ಲಿ ಕೆಲವು ವಿಜ್ಞಾನಿಗಳು ಆಹಾರ ಸಿಕ್ಕಿದ ಇರುವೆಗಳನ್ನು ಹಿಡಿದು, ಕೆಲವಕ್ಕೆ ಕಾಲಿಗೆ ಹಂದಿ ಕೂದಲಿನ ಮರಗಾಲು ಅಂಟಿಸಿದರು, ಕೆಲವಕ್ಕೆ ಕಾಲನ್ನೇ ಸ್ವಲ್ಪ ಮೊಟಕು ಮಾಡಿದರು, ಪಾಪ. ಮೊಟಕು ಕಾಲಿನವು ಗೂಡಿಗೆ ಇನ್ನೂ ದೂರ ಇರುವಾಗಲೇ ನಿಂತು ಹುಡುಕಲು ಶುರುಮಾಡಿದವು. ಮರಗಾಲಿನವು ಉದ್ದ ಹೆಜ್ಜೆ ಹಾಕುತ್ತಾ ಗೂಡು ದಾಟಿ ಮುಂದೆ ಹೋಗಿ, ಅಲ್ಲಿ ನಿಂತು ಸುತ್ತಮುತ್ತ ತಡಕಾಡಿದವು. ಹೆಜ್ಜೆ ಎಣಿಸುತ್ತಿದ್ದವು ಅಂತಾಯಿತು.